ಊರ ಅಭಿವೃದ್ಧಿಯಲ್ಲಿ ಹತ್ತು ಸಮಸ್ತರ ಮಾತು

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ‘ಆರೋಗ್ಯದ ವಿಷಯವಾದರೆ ಉತ್ತಮ’ ಎಂಬ ಮಾತನ್ನೂ ಸೇರಿಸಿದ್ದರು. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಮಂಡಿನೋವುಗಳ ಬಗೆಗೆ ಬರೆಯಲು ನಮ್ಮಲ್ಲಿ ಬಲ್ಲ ವೈದ್ಯರಿದ್ದಾರೆ. ನಾನಾದರೋ ವಾಣಿಜ್ಯ ಪದವೀಧರ. ಇಪ್ಪತ್ತು ವರುಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುತ್ತಿರುವವನು. ಆದರೂ ವಿಷಯದಿಂದ ಬಹಳ ದೂರ ಹೋಗುತ್ತಿಲ್ಲವೆಂದು ಭಾವಿಸಿದ್ದೇನೆ. ಬೆಳಗ್ಗೆ ನಡೆದಾಡಿರೆಂದು ವೈದ್ಯರು ಹೇಳುತ್ತಾರೆ. ನಡೆಯಲು ಕಾಲುದಾರಿ ಬೇಕಲ್ಲವೆ? ಮಕ್ಕಳು ಬಯಲಲ್ಲಿ ಆಡಲಿ ಎನ್ನುತ್ತಾರೆ, ಬಯಲು ಎಲ್ಲಿದೆ? ಅದು ಇರಬೇಕೆ, ಹೋಗಬೇಕೆ ಎಂಬುದನ್ನು ನಿರ್ಣಯಿಸುವವರು ಯಾರು, ಆ ನಿರ್ಣಯದಲ್ಲಿ ನಮಗೆ ಮಾತಿದೆಯೆ ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ನನ್ನ ತಂದೆಯವರು ಊರಿನಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಘಾಟ್ಕೋಪರಿನ ಒಂದೇ ಕೋಣೆಯ ಮನೆಯಲ್ಲಿ ನಾವು ಬೆಳೆದೆವು. ಊರಿನ ದೇವಸ್ಥಾನದ ಉತ್ಸವಕ್ಕೆ ಆಮಂತ್ರಣ ಪತ್ರಿಕೆ ಅಂಚೆಯಲ್ಲಿ ಬಂದರೆ, ಕೊನೆಗೆ ಅಚ್ಚಾದ ‘ಊರ ಹತ್ತು ಸಮಸ್ತರು’ ಎಂಬ ಸಾಲನ್ನು ಅವರು ಬೆರಳಿಟ್ಟು ತೋರಿಸುತ್ತಿದ್ದರು. ಆ ಹತ್ತು ಸಮಸ್ತರಲ್ಲಿ ತಾವೂ ಒಬ್ಬರೆಂಬ ಅಭಿಮಾನ ಅವರಿಗೆ ಕೊನೆಯವರೆಗೂ ಇತ್ತು. ಊರಿನ ಕೆರೆಯ ದಂಡೆ ಕುಸಿದರೆ ಇಲ್ಲಿಂದ ಹಣ ಹೋಗುತ್ತಿತ್ತು. ಶಾಲೆಯ ಹೆಂಚು ಹಾರಿದರೆ ಇಲ್ಲಿ ಚಂದಾ ಕೂಡುತ್ತಿತ್ತು. ಆದರೆ ನಮ್ಮ ಓಣಿಯ ಚರಂಡಿ ಮೂರು ವರುಷ ಕಟ್ಟಿಕೊಂಡಿದ್ದಾಗ ‘ಇದು ನಮ್ಮ ಊರಲ್ಲವಲ್ಲ, ಬಂದು ಹೋಗುವವರು ನಾವು’ ಎನ್ನುತ್ತಿದ್ದರು. ಬಂದರು ನಿಜ, ಹೋಗಲಿಲ್ಲ. ಈ ನಗರದಲ್ಲಿಯೇ ಕಣ್ಣು ಮುಚ್ಚಿದರು. ನಮ್ಮಲ್ಲಿ ಬಹು ಮಂದಿಯ ಕಥೆ ಇದೇ ಅಲ್ಲವೆ?

ಈ ನಗರದಲ್ಲಿ ಯೋಜನೆಯೆಂಬುದು ಹುಟ್ಟಿದ್ದೇ ರೋಗದಿಂದ. 1896ರಲ್ಲಿ ಪ್ಲೇಗು ಕಾಣಿಸಿಕೊಂಡು ಸಾವಿರಾರು ಜನ ಸತ್ತ ಮೇಲೆ, 1898ರಲ್ಲಿ ಅಂದಿನ ಸರಕಾರವು ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಗಾಳಿ ಬೆಳಕಿಲ್ಲದ ಕೇರಿಗಳನ್ನು ಕೆಡವುವುದು, ಅಗಲವಾದ ರಸ್ತೆಗಳನ್ನು ಬಿಡಿಸುವುದು, ಉತ್ತರಕ್ಕೆ ಹೊಸ ಬಡಾವಣೆಗಳನ್ನು ಹಾಕುವುದು ಅದರ ಕೆಲಸ. ದಾದರ, ಮಾಟುಂಗಾ ಬಡಾವಣೆಗಳು ಹುಟ್ಟಿದ್ದು ಹೀಗೆ. ದಕ್ಷಿಣ ಭಾರತದವರು ಮಾಟುಂಗಾದಲ್ಲಿ ನೆಲೆನಿಂತದ್ದೂ, 1926ರಲ್ಲಿ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾಗಿ ಮುಂದೆ ಅಲ್ಲಿಯೇ ಬೇರುಬಿಟ್ಟದ್ದೂ ಇದೇ ಬೆಳವಣಿಗೆಯ ಫಲ. ನಾವು ಆ ಯೋಜನೆಯ ಫಲವನ್ನು ಉಂಡವರು. ಆದರೆ ಕೆಡವಿದ ಕೇರಿಗಳಲ್ಲಿದ್ದ ಬಡವರನ್ನು ಯಾರೂ ಕೇಳಿರಲಿಲ್ಲ. ಹೊಸ ಮನೆಯ ಬಾಡಿಗೆ ತೆರಲಾರದೆ ಅವರು ಪಕ್ಕದ ಕೇರಿಗಳಲ್ಲಿಯೇ ಮತ್ತಷ್ಟು ಇಕ್ಕಟ್ಟಾಗಿ ತುಂಬಿಕೊಂಡರು. ರೋಗಕ್ಕೆ ಮದ್ದೆಂದು ಮಾಡಿದ್ದು ರೋಗವನ್ನು ಮುಂದಿನ ಬೀದಿಗೆ ತಳ್ಳಿತು.

ಇದನ್ನು ಕಂಡು ಬೇರೆ ಮಾತನ್ನಾಡಿದವರು ಪ್ಯಾಟ್ರಿಕ್ ಗೆಡ್ಡಿಸ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು. 1914ರಲ್ಲಿ ಭಾರತಕ್ಕೆ ಬಂದು ಹಲವು ಪಟ್ಟಣಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದ ಇವರು 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು. ಮೊದಲು ರೋಗಿಯನ್ನು ಪರೀಕ್ಷಿಸಬೇಕು, ಆಮೇಲೆ ಕತ್ತಿ ಹಿಡಿಯಬೇಕು. ಕತ್ತರಿಸಲೇಬೇಕಾದರೆ ಆದಷ್ಟು ಕಡಿಮೆ ಕತ್ತರಿಸಬೇಕು ಎಂಬುದು ಅವರ ವಾದದ ಸಾರ. ಇಡೀ ಕೇರಿಯನ್ನು ಕೆಡವುವ ಬದಲು ಬಿದ್ದುಹೋಗುವ ಒಂದೆರಡು ಮನೆಗಳನ್ನು ತೆಗೆದು, ಅಲ್ಲೊಂದು ಮರ ನೆಟ್ಟು, ಉಳಿದವರನ್ನು ಇದ್ದಲ್ಲಿಯೇ ಇರಗೊಡಬಹುದೆಂದು ಅವರು ತೋರಿಸಿಕೊಟ್ಟರು. ನೂರು ವರುಷಗಳಾದರೂ ಈ ಮಾತು ಹಳತಾಗಿಲ್ಲ.

ಇನ್ನು ನಮ್ಮ ಘಾಟ್ಕೋಪರಿಗೆ ಬರೋಣ. ಒಂದು ಕಾಲಕ್ಕೆ ಇದಕ್ಕೆ ತನ್ನದೇ ಪುರಸಭೆಯಿತ್ತು. 1950ರಲ್ಲಿ ಇದು ಬೃಹನ್ಮುಂಬಯಿಗೆ ಸೇರಿತು. ಇಂದು ಮಹಾನಗರಪಾಲಿಕೆಯ ‘ಎನ್’ ವಾರ್ಡು ನಮ್ಮದು. ಯಾವ ಜಾಗದಲ್ಲಿ ಮನೆ, ಎಲ್ಲಿ ಆಸ್ಪತ್ರೆ, ಎಲ್ಲಿ ಆಟದ ಬಯಲು, ಯಾವ ರಸ್ತೆ ಎಷ್ಟು ಅಗಲವೆಂಬುದನ್ನು ತೀರ್ಮಾನಿಸುವ ದಸ್ತಾವೇಜಿಗೆ ಡೆವಲಪ್‌ಮೆಂಟ್ ಪ್ಲ್ಯಾನ್, ಅಂದರೆ ಅಭಿವೃದ್ಧಿ ನಕ್ಷೆ ಎಂದು ಹೆಸರು. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ ಪ್ರಕಾರ ಪಾಲಿಕೆಯು ಮೊದಲು ಕರಡು ನಕ್ಷೆಯನ್ನು ಪ್ರಕಟಿಸಬೇಕು. ನಿಗದಿಯಾದ ಅವಧಿಯೊಳಗೆ ಯಾವ ನಾಗರಿಕನೇ ಆಗಲಿ ತನ್ನ ಆಕ್ಷೇಪಣೆ ಅಥವಾ ಸಲಹೆಯನ್ನು ಬರೆದು ಸಲ್ಲಿಸಬಹುದು. ಪಾಲಿಕೆಯ ಸ್ಥಾಯಿ ಸಮಿತಿಯ ಮೂವರು ಸದಸ್ಯರೂ ಸರಕಾರ ನೇಮಿಸಿದ ತಜ್ಞರೂ ಇರುವ ಸಮಿತಿಯೊಂದು ಅವನ್ನು ವಿಚಾರಿಸುತ್ತದೆ. ವಕೀಲರು ಬೇಕಿಲ್ಲ, ಮನೆ ಸ್ವಂತದ್ದೇ ಆಗಿರಬೇಕೆಂದೂ ಇಲ್ಲ. ಬಾಡಿಗೆದಾರನೂ ಬರೆಯಬಹುದು, ಹೋಟೆಲಿನ ಮಾಣಿಯೂ ಬರೆಯಬಹುದು. ಮುಂಬಯಿಯ ಮೊದಲ ನಕ್ಷೆಗೆ 1967ರಲ್ಲಿ ಮಂಜೂರಾತಿ ದೊರೆಯಿತು. ಎರಡನೆಯದು 1991ರಿಂದ ಭಾಗ ಭಾಗವಾಗಿ ಜಾರಿಗೆ ಬಂತು. ಮೂರನೆಯದೇ ಈಗ ಜಾರಿಯಲ್ಲಿರುವ 2034ರ ನಕ್ಷೆ.

ಈ ಮೂರನೆಯ ನಕ್ಷೆಯ ಚರಿತ್ರೆಯನ್ನು ನಮ್ಮವರು ತಿಳಿದಿರಬೇಕು. 2015ರ ಫೆಬ್ರವರಿಯಲ್ಲಿ ಕರಡು ಹೊರಬಿದ್ದು ಆಕ್ಷೇಪಣೆಗೆ 60 ದಿನಗಳ ಅವಕಾಶ ದೊರೆಯಿತು. ಅದನ್ನು ಬಿಚ್ಚಿ ನೋಡಿದವರು ಬೆಚ್ಚಿಬಿದ್ದರು. ಇದ್ದ ಕಟ್ಟಡಗಳ ಮೇಲೆಯೇ ರಸ್ತೆಯ ಗೆರೆ ಹಾದುಹೋಗಿತ್ತು. ಎಷ್ಟೋ ಪಾರಂಪರಿಕ ಕಟ್ಟಡಗಳು ನಮೂದಾಗಿರಲಿಲ್ಲ. ಅರವತ್ತು ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಅವಧಿ ಮುಗಿಯುವ ಮುನ್ನವೇ, ಏಪ್ರಿಲಿನಲ್ಲಿ, ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು ಕರಡನ್ನು ಹೊಸದಾಗಿ ತಿದ್ದಿ ಸಿದ್ಧಪಡಿಸಬೇಕೆಂದು ಆಜ್ಞೆಮಾಡಿದರು. ತಿದ್ದಿದ ಕರಡು 2016ರಲ್ಲಿ ಬಂತು. 2018ರಲ್ಲಿ ಸರಕಾರದ ಮಂಜೂರಾತಿ ದೊರೆಯಿತು. ಇಷ್ಟು ದೊಡ್ಡ ನಗರದ ನಕ್ಷೆಯನ್ನು ಜನರ ಕಾಗದಗಳು ಹಿಂದಕ್ಕೆ ಕಳುಹಿಸಿದವು ಎಂಬುದು ಸಾಮಾನ್ಯ ಸಂಗತಿಯಲ್ಲ.

ಆ ಅರವತ್ತು ಸಾವಿರದಲ್ಲಿ ಒಂದು ನಮ್ಮ ಓಣಿಯಿಂದ ಹೋಗಿತ್ತು. ನಮ್ಮ ಕಟ್ಟಡದ ಹಿಂದೆ ಒಂದು ಚಿಕ್ಕ ಬಯಲಿದೆ. ಬೆಳಗ್ಗೆ ಶಾಲೆಯ ಮಕ್ಕಳ ಕವಾಯತು, ಸಂಜೆ ಕ್ರಿಕೆಟ್ಟು, ಮುದುಕರ ಸುತ್ತಾಟ, ವರುಷಕ್ಕೊಮ್ಮೆ ನಮ್ಮವರದೇ ಯಕ್ಷಗಾನ. ಕರಡು ನಕ್ಷೆಯಲ್ಲಿ ಆ ಜಾಗವು ಬಯಲೆಂದು ನಮೂದಾಗದೆ ಸುತ್ತಲಿನ ವಾಸದ ಜಾಗದ ಬಣ್ಣದಲ್ಲಿಯೇ ಮುಳುಗಿಹೋಗಿತ್ತು. ಇದನ್ನು ಕಂಡುಹಿಡಿದವರು ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಮಾಸ್ತರರೊಬ್ಬರು. ಭೂತಗನ್ನಡಿ ಹಿಡಿದು ವಾರ್ಡು ಕಚೇರಿಯಲ್ಲಿ ಒಂದು ಮಧ್ಯಾಹ್ನ ಕುಳಿತು, ಹಾಳೆಯ ಸಂಖ್ಯೆ ಬರೆದುಕೊಂಡು ಬಂದು, ತಮ್ಮ ದುಂಡಗಿನ ಅಕ್ಷರಗಳಲ್ಲಿ ಮರಾಠಿಯಲ್ಲಿ ಒಂದು ಪತ್ರ ಸಿದ್ಧಪಡಿಸಿ ಮನೆಮನೆಗೂ ತಂದರು. ನಲವತ್ತು ಮನೆಗಳಲ್ಲಿ ಹನ್ನೊಂದು ಸಹಿಗಳಾದವು. ನನ್ನದು ಅದರಲ್ಲಿಲ್ಲ. ‘ಮಾಸ್ತರೇ, ನಮಗೆ ಬ್ಯಾಂಕಿನ ಸೇವಾನಿಯಮಗಳಿವೆ, ಇಂಥದಕ್ಕೆ ಸಹಿ ಹಾಕುವಂತಿಲ್ಲ’ ಎಂದೆ. ಅವರು ‘ಆಗಲಿ, ನೋಡಿ ಮಾಡಿ’ ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದರು. ಆಮೇಲೆ ನಿಯಮಗಳ ಪುಸ್ತಕ ತೆಗೆದು ನೋಡಿದರೆ, ನಿವಾಸಿಯಾಗಿ ಕಾಯಿದೆ ಕೊಟ್ಟ ಆಕ್ಷೇಪಣೆಯ ಹಕ್ಕನ್ನು ಚಲಾಯಿಸಬಾರದೆಂದು ಎಲ್ಲಿಯೂ ಇರಲಿಲ್ಲ. ನಿಯಮವನ್ನು ನೋಡುವ ಮೊದಲೇ ನಿಯಮದ ಹೆಸರು ಹೇಳಿದ್ದೆ. ತಿದ್ದಿದ ನಕ್ಷೆಯಲ್ಲಿ ಆ ಜಾಗ ಆಟದ ಬಯಲೆಂದು ನಮೂದಾಯಿತು. ಮಾಸ್ತರರ ಪತ್ರದಿಂದಲೇ ಆಯಿತೆಂದು ನಾನು ಹೇಳಲಾರೆ. ಅವರೂ ಎಂದೂ ಹೇಳಿಕೊಳ್ಳಲಿಲ್ಲ. ಮಕ್ಕಳು ಈಗಲೂ ಅಲ್ಲಿ ಆಡುತ್ತಿದ್ದಾರೆ.

ಒಂದು ಬಯಲಿಗಾಗಿ ಇಷ್ಟೇಕೆ ಎನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ಕೇಂದ್ರ ಸರಕಾರದ 2014ರ ಮಾರ್ಗಸೂಚಿಯು ನಗರದಲ್ಲಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗವಿರಬೇಕೆನ್ನುತ್ತದೆ. ಮುಂಬಯಿಯಲ್ಲಿ ಜನರ ಬಳಕೆಗೆ ದೊರೆಯುವುದು ತಲೆಗೆ ಎರಡು ಚದರ ಮೀಟರಿಗೂ ಕಡಿಮೆ; ಒಂದು ಚಾಪೆ ಹಾಸಿದಷ್ಟು. ಮೀಸಲೆಂದು ನಮೂದಾದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಹತ್ತು ವರುಷಗಳೊಳಗೆ ಪಾಲಿಕೆ ಆ ಜಾಗವನ್ನು ಸ್ವಾಧೀನಪಡಿಸಿಕೊಳ್ಳದಿದ್ದರೆ ಮಾಲೀಕನು ನೋಟೀಸು ಕೊಡಬಹುದು. ಆಮೇಲೆಯೂ ಅವಧಿಯೊಳಗೆ ಕ್ರಮ ನಡೆಯದಿದ್ದರೆ ಮೀಸಲು ತಾನಾಗಿಯೇ ರದ್ದಾಗುತ್ತದೆ. ವಾಯಿದೆ ಮೀರಿದ ಹುಂಡಿಯಂತೆ ಎಂದರೆ ವ್ಯಾಪಾರಿ ಮಿತ್ರರಿಗೆ ಬೇಗ ಅರ್ಥವಾದೀತು.

ಎಫ್.ಎಸ್.ಐ. ಎಂಬ ಪದವು ಇತ್ತೀಚೆಗೆ ನಮ್ಮ ಮಹಿಳಾ ವಿಭಾಗದ ಅರಿಸಿನ ಕುಂಕುಮದಲ್ಲಿಯೂ ಕೇಳಿಬರುತ್ತಿದೆಯಂತೆ! ಅದರ ಅರ್ಥ ಇಷ್ಟೇ. ಸಾವಿರ ಚದರ ಮೀಟರ್ ನೆಲದ ಮೇಲೆ ಎಲ್ಲ ಮಹಡಿಗಳೂ ಸೇರಿ ಸಾವಿರ ಚದರ ಮೀಟರ್ ಕಟ್ಟಬಹುದಾದರೆ ಎಫ್.ಎಸ್.ಐ. ಒಂದು, ಎರಡು ಸಾವಿರ ಕಟ್ಟಬಹುದಾದರೆ ಎರಡು. ಉಪನಗರಗಳಲ್ಲಿ ಮೂಲ ಪ್ರಮಾಣ ಒಂದು. ಎದುರಿನ ರಸ್ತೆಯ ಅಗಲಕ್ಕೆ ತಕ್ಕಂತೆ, ಸರಕಾರಕ್ಕೆ ಹಣ ಕಟ್ಟಿ ಇನ್ನಷ್ಟನ್ನೂ, ಟಿ.ಡಿ.ಆರ್. ಕೊಂಡು ಮತ್ತಷ್ಟನ್ನೂ ಪಡೆಯಬಹುದು. ಈ ಟಿ.ಡಿ.ಆರ್. ಎಂಬುದು ಪರರಿಗೆ ಮಾರಬಹುದಾದ ಒಂದು ಬಗೆಯ ರಸೀದಿ. ರಸ್ತೆಗೋ ಉದ್ಯಾನಕ್ಕೋ ಜಾಗ ಬಿಟ್ಟುಕೊಟ್ಟವನಿಗೆ ಹಣದ ಬದಲು ಕಟ್ಟುವ ಹಕ್ಕು ದೊರೆಯುತ್ತದೆ. ಅದನ್ನು ಅವನು ಬೇರೊಬ್ಬನಿಗೆ, ಬೇರೊಂದು ಜಾಗದಲ್ಲಿ ಬಳಸಲು ಮಾರುತ್ತಾನೆ. ಬ್ಯಾಂಕಿನವನಾದ ನನಗೆ ಇದು ಓವರ್‌ಡ್ರಾಫ್ಟಿನ ಮಿತಿಯನ್ನು ಏರಿಸಿದಂತೆಯೇ ತೋರುತ್ತದೆ. ಮಿತಿ ಏರಿಸುವಾಗ ನಾವು ಸಾಲಗಾರನ ಆದಾಯವನ್ನು ನೋಡುತ್ತೇವೆ. ಇಲ್ಲಿ ಓಣಿಯ ನೀರಿನ ಕೊಳವೆ, ಚರಂಡಿ, ಅಗ್ನಿಶಾಮಕದ ಬಂಡಿ ತಿರುಗುವಷ್ಟು ಜಾಗ, ಇವೇ ಆದಾಯ. ಅವು ಇದ್ದಷ್ಟೇ ಇದ್ದು ಮಿತಿ ಮಾತ್ರ ಏರಿದರೆ ಖಾತೆ ಏನಾಗುವುದೆಂದು ಹೇಳಬೇಕಿಲ್ಲ.

ಘಾಟ್ಕೋಪರಿನಲ್ಲಿ ಈಗ ಹಳೆಯ ಕಟ್ಟಡಗಳ ಪುನರ್ನಿರ್ಮಾಣದ ಕಾಲ. ಪಂತನಗರದ ಹೌಸಿಂಗ್ ಬೋರ್ಡಿನ ಮನೆಗಳು ಒಂದೊಂದಾಗಿ ಗೋಪುರಗಳಾಗುತ್ತಿವೆ. ನಮ್ಮವರ ಜೀವಮಾನದ ಉಳಿತಾಯವೆಲ್ಲ ಇರುವುದು ಆ ನಾನೂರು ಚದರ ಅಡಿಯಲ್ಲಿ. ಆದುದರಿಂದ ಇಲ್ಲಿ ತುಸು ನಿಧಾನವಾಗಿ ಹೇಳುತ್ತೇನೆ. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯಿದೆಯ 79ಎ ಕಲಮಿನಡಿ ಸರಕಾರವು 2009ರಲ್ಲಿ ನಿರ್ದೇಶನಗಳನ್ನು ಹೊರಡಿಸಿ, 2019ರಲ್ಲಿ ಅವನ್ನು ಪರಿಷ್ಕರಿಸಿತು. ಪುನರ್ನಿರ್ಮಾಣವನ್ನು ತೀರ್ಮಾನಿಸುವ ಸಭೆಗೆ ಸದಸ್ಯರಲ್ಲಿ ಮೂರನೇ ಎರಡು ಪಾಲು ಹಾಜರಿರಬೇಕು; ಒಟ್ಟು ಸದಸ್ಯರಲ್ಲಿ ಶೇಕಡಾ 51 ಮಂದಿಯ ಒಪ್ಪಿಗೆ ಬೇಕು; ಬಿಲ್ಡರನನ್ನು ಆರಿಸುವ ಸಭೆಯಲ್ಲಿ ರಿಜಿಸ್ಟ್ರಾರರ ಪ್ರತಿನಿಧಿ ಇರಬೇಕು; ಸಭೆಯ ವೀಡಿಯೋ ಚಿತ್ರಣವಾಗಬೇಕು; ಯೋಜನೆಯ ವೆಚ್ಚದ ಶೇಕಡಾ 20ರಷ್ಟಕ್ಕೆ ಬಿಲ್ಡರನು ಬ್ಯಾಂಕ್ ಜಾಮೀನು ಕೊಡಬೇಕು. ಇವು ಮಾರ್ಗದರ್ಶಕವೇ ಹೊರತು ಕಡ್ಡಾಯವಲ್ಲವೆಂದು ಉಚ್ಚ ನ್ಯಾಯಾಲಯವು ಹಲವು ಮೊಕದ್ದಮೆಗಳಲ್ಲಿ ಹೇಳಿರುವುದರಿಂದ, ಅವುಗಳ ಪಾಲನೆಗೆ ಸದಸ್ಯರೇ ಪಟ್ಟುಹಿಡಿಯಬೇಕಾಗುತ್ತದೆ. ಪಟ್ಟುಹಿಡಿಯಲು ಸಭೆಗೆ ಹೋಗಿರಬೇಕು! ಊರಿಗೆ ಹೋಗಿದ್ದೆ, ರಾತ್ರಿಪಾಳಿಯಿತ್ತು ಎಂದು ತಪ್ಪಿಸಿಕೊಂಡವನ ಮನೆಯ ಅಳತೆಯೂ ಆ ಸಭೆಯಲ್ಲಿಯೇ ತೀರ್ಮಾನವಾಗುತ್ತದೆ.

ಬ್ಯಾಂಕ್ ಜಾಮೀನಿನ ಬಗೆಗೆ ನನ್ನ ವೃತ್ತಿಯ ಮಾತೊಂದಿದೆ. ಕೆಲವು ವರುಷಗಳ ಹಿಂದೆ ಪರಿಚಯದ ಹಿರಿಯ ದಂಪತಿಗಳು ತಮ್ಮ ಸೊಸೈಟಿಗೆ ಬಿಲ್ಡರನೊಬ್ಬ ಕೊಟ್ಟ ‘ಗ್ಯಾರಂಟಿ’ಯ ನಕಲನ್ನು ಸಂಘದ ಸಮಾರಂಭಕ್ಕೆ ತಂದು ನನಗೆ ತೋರಿಸಿದರು. ಬ್ಯಾಂಕಿನ ತಲೆಬರಹವಿತ್ತು, ಮೊಹರೂ ಇತ್ತು. ಓದಿ ನೋಡಿದರೆ ಅದು ಜಾಮೀನೇ ಅಲ್ಲ. ಆ ಬಿಲ್ಡರನಿಗೆ ಇಂತಿಷ್ಟು ಸಾಲದ ಮಿತಿ ಮಂಜೂರಾಗಿದೆಯೆಂಬ ಕಾಗದ! ಅವರು ಆಗಲೇ ಮನೆ ಖಾಲಿಮಾಡಿ ಡೊಂಬಿವಲಿಯಲ್ಲಿ ಬಾಡಿಗೆಗಿದ್ದರು. ಮೊದಲ ಹನ್ನೊಂದು ತಿಂಗಳು ಬಾಡಿಗೆಯ ಹಣ ಬಂತು, ಆಮೇಲೆ ನಿಂತಿತು. ಯಜಮಾನರು ಹೊಸ ಮನೆಯನ್ನು ನೋಡಲಿಲ್ಲ. ಆ ತಾಯಿ ಈಗಲೂ ಡೊಂಬಿವಲಿಯಲ್ಲಿಯೇ ಇದ್ದಾರೆ. ಜಾಮೀನು ಪತ್ರವೆಂದರೆ ಅದರಲ್ಲಿ ಸೊಸೈಟಿಯ ಹೆಸರು ಫಲಾನುಭವಿಯೆಂದು ಇರಬೇಕು. ಕೇಳಿದೊಡನೆ ಆಕ್ಷೇಪವಿಲ್ಲದೆ ಹಣ ಕೊಡುವೆವೆಂಬ ಮಾತಿರಬೇಕು. ಮೊಬಲಗು ಮತ್ತು ಮುಕ್ತಾಯದ ದಿನಾಂಕ ಸ್ಪಷ್ಟವಾಗಿರಬೇಕು. ಆ ದಿನಾಂಕವು ಕಟ್ಟಡ ಮುಗಿಯುವ ದಿನಾಂಕಕ್ಕಿಂತ ಮೊದಲೇ ಬಂದರೆ ನವೀಕರಣವನ್ನು ಮುಂಚೆಯೇ ಕೇಳಬೇಕು. ಬಿಲ್ಡರನ ಕೈಯಿಂದ ಬಂದ ಪತ್ರವನ್ನು ನಂಬದೆ, ಪತ್ರ ಕೊಟ್ಟ ಶಾಖೆಗೆ ಸೊಸೈಟಿಯೇ ನೇರವಾಗಿ ಬರೆದು ಲಿಖಿತ ದೃಢೀಕರಣ ಪಡೆಯಬೇಕು. ಇದಕ್ಕೆ ಅಂಚೆಯ ಖರ್ಚಿಗಿಂತ ಹೆಚ್ಚಾಗದು.

ಒಟ್ಟಾಗಿ ಆಡಿದ ಮಾತಿಗೆ ಬೆಲೆಯುಂಟೆಂಬುದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಿಲ್ಲ. ಬ್ರೆಜಿಲ್ ದೇಶದ ಪೋರ್ಟೋ ಅಲೆಗ್ರೆ ನಗರದಲ್ಲಿ 1989ರಿಂದ ಆಯವ್ಯಯದ ಒಂದು ಭಾಗವನ್ನು ಜನರೇ ಸಭೆ ಸೇರಿ ಹಂಚತೊಡಗಿದರೆಂದು ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ನಮ್ಮ ಘಾಟ್ಕೋಪರ್ ಪೂರ್ವದ ಜೋಶಿ ಲೇನಿನ ಹೆಸರೂ ಸಂಶೋಧಕರ ಪ್ರಬಂಧಗಳಲ್ಲಿದೆಯೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಓಣಿಯ ನಿವಾಸಿಗಳು ಮನೆಮನೆಯಲ್ಲಿಯೂ ಹಸಿ ಕಸ ಒಣ ಕಸಗಳನ್ನು ಬೇರ್ಪಡಿಸಿ, ತಮ್ಮ ಓಣಿಯ ಜವಾಬ್ದಾರಿಯನ್ನು ತಾವೇ ವಹಿಸಿಕೊಂಡು, ಪ್ರತಿಯಾಗಿ ಪಾಲಿಕೆಯಿಂದ ತಮಗೆ ಬರಬೇಕಾದ ಸೇವೆಗಳನ್ನು ಕೇಳಿ ಪಡೆದರು. ಇದನ್ನು ಮಾದರಿಯಾಗಿಟ್ಟುಕೊಂಡು ಪಾಲಿಕೆಯು 1997ರಲ್ಲಿ ಎ.ಎಲ್.ಎಂ. ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಸುಮಾರು ಸಾವಿರ ಜನರಿರುವ ಒಂದು ಓಣಿ ಅಥವಾ ಬಡಾವಣೆ ಒಂದು ಘಟಕವಾಗಿ ವಾರ್ಡು ಕಚೇರಿಯಲ್ಲಿ ನೋಂದಾಯಿಸಿಕೊಳ್ಳುತ್ತದೆ. ಅದರ ದೂರುಗಳನ್ನು ಕೇಳಲು ಒಬ್ಬ ಅಧಿಕಾರಿ ಗೊತ್ತಾಗಿರುತ್ತಾನೆ. ನಗರದಲ್ಲಿ ಇಂಥ ನೂರಾರು ಘಟಕಗಳು ಹುಟ್ಟಿದವು. ಕೆಲವು ಚೆನ್ನಾಗಿ ನಡೆದವು, ಹಲವು ಹೆಸರಿಗೆ ಉಳಿದವು. ಇದು ಸ್ವಂತ ಮನೆಯಿದ್ದ ಮಧ್ಯಮ ವರ್ಗದವರ ಕೂಟವಾಯಿತು, ಗುಡಿಸಲಿನವರ ಮಾತು ಇದರಲ್ಲಿ ಬರಲಿಲ್ಲವೆಂದು ವಿದ್ವಾಂಸರು ಆಕ್ಷೇಪಿಸಿದ್ದಾರೆ. ಆಕ್ಷೇಪ ಸುಳ್ಳಲ್ಲ. ನಮ್ಮ ಹೋಟೆಲುಗಳ ಅಟ್ಟದ ಮೇಲೆ ಮಲಗುವ ಹುಡುಗರಿಗೆ ಯಾವ ಸೊಸೈಟಿಯ ಸದಸ್ಯತ್ವವಿದೆ?

ಮಾತು ನಡೆಯದಾಗ ಏನಾಗುವುದೆಂಬುದನ್ನೂ ಘಾಟ್ಕೋಪರೇ ಕಂಡಿದೆ. 2017ರ ಜುಲೈ 25ರಂದು ದಾಮೋದರ ಪಾರ್ಕಿನ ಸಿದ್ಧಿಸಾಯಿ ಕಟ್ಟಡ ಕುಸಿದು 17 ಮಂದಿ ಸತ್ತರು. ನೆಲಮಹಡಿಯಲ್ಲಿ ನಡೆಯುತ್ತಿದ್ದ ಒಡೆದು ಕಟ್ಟುವ ಕೆಲಸದಿಂದ ಆಧಾರಕ್ಕೆ ಧಕ್ಕೆಯಾಯಿತೆಂಬುದೇ ಅಂದು ಬಂದ ಆರೋಪ. 2024ರ ಮೇ 13ರ ಸಂಜೆ ಬಿರುಗಾಳಿಗೆ ಛೇಡಾನಗರದ ಪೆಟ್ರೋಲು ಪಂಪಿನ ಮೇಲೆ ಜಾಹೀರಾತಿನ ಫಲಕವೊಂದು ಉರುಳಿ 17 ಜೀವಗಳು ಹೋದವು. 40 ಅಡಿ ಉದ್ದಗಲಕ್ಕಿಂತ ದೊಡ್ಡ ಫಲಕಕ್ಕೆ ಪಾಲಿಕೆ ಅನುಮತಿ ಕೊಡುವುದಿಲ್ಲ. ಅದು 120 ಅಡಿಯದು. ದಿನವೂ ಹೈವೇಯಲ್ಲಿ ಹೋಗಿ ಬರುತ್ತಿದ್ದ ಸಾವಿರಾರು ಮಂದಿಯಲ್ಲಿ ನಾನೂ ಒಬ್ಬ. ದೊಡ್ಡದಿದೆ ಎಂದುಕೊಂಡೆನೇ ಹೊರತು, ಯಾರ ಅನುಮತಿಯಿಂದ ನಿಂತಿದೆ ಎಂದು ಕೇಳಬೇಕೆನಿಸಲಿಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದಲ್ಲಿ ಕೇಳಬಹುದಾಗಿದ್ದ ಪ್ರಶ್ನೆ ಅದು.

1992ರಲ್ಲಿ ಅಂಗೀಕಾರವಾದ ಸಂವಿಧಾನದ 74ನೆಯ ತಿದ್ದುಪಡಿಯು ನಗರ ಯೋಜನೆಯನ್ನು ನಗರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇರಿಸಿ, ವಾರ್ಡು ಸಮಿತಿಗಳನ್ನೂ ವಿಧಿಸಿತು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ 2022ರ ಮಾರ್ಚಿನಲ್ಲಿ ಮುಂಬಯಿಯ ನಗರಸೇವಕರ ಅವಧಿ ಮುಗಿದ ಮೇಲೆ ಮೂರು ವರುಷಗಳಿಗೂ ಮೀರಿ ಚುನಾಯಿತ ಸಭೆಯೇ ಇಲ್ಲದೆ ಆಡಳಿತಾಧಿಕಾರಿಯ ಕೈಯಲ್ಲಿ ಪಾಲಿಕೆ ನಡೆಯಿತು. ಈ ಅವಧಿಯಲ್ಲಿ ನಮ್ಮ ಸಂಘದ ಒಂದೇ ಒಂದು ಸಭೆಯಲ್ಲಿಯೂ ಆ ವಿಷಯ ಪ್ರಸ್ತಾಪವಾಗಲಿಲ್ಲವೆಂಬುದನ್ನು ಸಂಕೋಚದಿಂದ ಇಲ್ಲಿ ನಮೂದಿಸುತ್ತೇನೆ. ಅದೇ ಬೆಂಗಳೂರಿನಲ್ಲಿ 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಜನರು ಕೈಕೈ ಹಿಡಿದು ಸಾಲಾಗಿ ನಿಂತಾಗ ನಾವೆಲ್ಲ ಇಲ್ಲಿ ಕುಳಿತು ಮೆಚ್ಚಿಕೊಂಡೆವು. 2017ರ ಮಾರ್ಚಿನಲ್ಲಿ ಸರಕಾರ ಅದನ್ನು ಕೈಬಿಟ್ಟಾಗ ಚಪ್ಪಾಳೆಯನ್ನೂ ತಟ್ಟಿದೆವು.

ಹಿಂದಿನ ನಕ್ಷೆಯ ಸಿದ್ಧತೆಗಾಗಿ ಇದ್ದ ಜಾಗಗಳ ನಕ್ಷೆಯನ್ನು ಪಾಲಿಕೆಯು 2012ರ ಹೊತ್ತಿಗೇ ಜನರ ಮುಂದಿಟ್ಟಿತ್ತು. ಮುಂದಿನ ನಕ್ಷೆಯ ಕೆಲಸವೂ 2034ರವರೆಗೆ ಕಾಯಲಾರದು. ಅದಕ್ಕೂ ಮೊದಲು, ಈಗಿನ ನಕ್ಷೆಗೆ ಚಿಕ್ಕಪುಟ್ಟ ಮಾರ್ಪಾಡು ಮಾಡಬೇಕಾದರೂ 37ನೆಯ ಕಲಮಿನಡಿ ನೋಟೀಸು ಹೊರಡಿಸಿ ಒಂದು ತಿಂಗಳೊಳಗೆ ಆಕ್ಷೇಪಣೆಗಳನ್ನು ಕರೆಯಬೇಕೆಂದು ಕಾಯಿದೆಯಿದೆ. ಆ ನೋಟೀಸುಗಳು ಪತ್ರಿಕೆಯ ಮೂಲೆಯಲ್ಲಿ, ನಿಧನ ವಾರ್ತೆಯ ಪಕ್ಕದಲ್ಲಿ ಬರುತ್ತವೆ. ಸಂಘದ ವಾಚನಾಲಯಕ್ಕೆ ಬರುವ ಮರಾಠಿ ಪತ್ರಿಕೆಯಲ್ಲಿ ಅವನ್ನು ಗುರುತುಹಾಕಿಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಮಾಸ್ತರರ ಆ ಪತ್ರದ ಕಾರ್ಬನ್ ಪ್ರತಿಯನ್ನು ಅವರ ಮಗಳು ಸಂಘಕ್ಕೆ ಕೊಟ್ಟಿದ್ದಾರೆ. ಬರವಣಿಗೆಯ ರೀತಿ ತಿಳಿಯಲು ಅದೊಂದು ಒಳ್ಳೆಯ ಮಾದರಿ. ನಮ್ಮ ಭಾಗದ ನಕ್ಷೆಯ ಹಾಳೆಯನ್ನೂ ತರಿಸಿ ಇಡಲಾಗಿದೆ. ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಗ್ಗೆ ಹತ್ತಕ್ಕೆ ಬಂದವರು ತಮ್ಮ ಕಟ್ಟಡವನ್ನು ಅದರಲ್ಲಿ ಹುಡುಕಿಕೊಳ್ಳಬಹುದು. ಅಕ್ಷರಗಳು ಬಹಳ ಸಣ್ಣವು. ಕನ್ನಡಕವನ್ನು ಮರೆಯದೆ ತನ್ನಿರಿ.